ದೊಡ್ಡಪ್ಪನ ದವಡೆ

ಎಕ್ಸ್‌ರೇ ಅಕ್ಕನಿಗೆ ಆಸ್ಪತ್ರೆಯ ಕೆಲಸ ಹೋದದ್ದು ಒಬ್ಬನ ಮೂಗು ಮುರಿದದ್ದಕ್ಕೆ. ಮೂಗು ಮುರಿದದ್ದು ಅಂದರೆ ಬಾಯಿಮಾತಿಗೆ ಹೇಳುವ ಹಾಗಲ್ಲ, ನಿಜಕ್ಕೂ ಮುರಿದದ್ದು. ಎಕ್ಸ್‌ರೇ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದಲೇ ಬೀಸಿದಳು. ಲಟಕ್ಕೆಂದಿತು. ಆಸಾಮಿ ಗೋಡೆಗೆ ಒರಗಿಕೊಂಡು ಹಾಗೇ ಕುಸಿದ, ಅಂಗಿಯೆಲ್ಲ ರಕ್ತ. ಆಮೇಲೆ ಅವನ ಎಕ್ಸ್‌ರೇಯನ್ನೂ ಅವಳೇ ತೆಗೆದಳು. "ಉಸಿರು ಹಿಡ್ಕೊಳ್ಳಿ, ಅಲುಗಾಡಬೇಡಿ" ಎಂದು ಎಲ್ಲ ರೋಗಿಗಳಿಗೂ ಹೇಳುವ ಅದೇ ದನಿಯಲ್ಲಿ ಅವನಿಗೂ ಹೇಳಿದಳು. ಚಿತ್ರ ಚೊಕ್ಕವಾಗಿ ಬಂದಿತ್ತು ಎಂದು ಈಗಲೂ ಹೇಳಿಕೊಳ್ಳುತ್ತಾಳೆ.

ಅವನು ಮಾಡಿದ್ದೇನು? ಕೈ ಮುರಿದಿದ್ದ ಹೆಂಡತಿಯನ್ನು ಕರೆತಂದಿದ್ದ. ಮೆಟ್ಟಿಲಲ್ಲಿ ಜಾರಿ ಬಿದ್ದಳು ಎಂದಿದ್ದ. ಬೀಳುವವರು ಅಂಗೈ ಊರುತ್ತಾರೆ, ಮುರಿಯುವುದು ಮಣಿಕಟ್ಟು. ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿದವರಿಗೆ ಮುರಿಯುವುದು ಮುಂಗೈಯ ನಡು, ಅದೂ ಕಿರುಬೆರಳ ಕಡೆಯ ಎಲುಬು. ಅಂಥ ಚಿತ್ರಗಳನ್ನು ಅಕ್ಕ ಅದೆಷ್ಟು ತೆಗೆದಿದ್ದಳೋ. ಬರುವವರೆಲ್ಲ ಬಿದ್ದವರೇ. ಊರಿನ ಮೆಟ್ಟಿಲುಗಳೆಲ್ಲ ಹೆಂಗಸರ ಮೇಲೇ ಹಗೆ ಸಾಧಿಸುತ್ತಿವೆಯೇನೋ ಅನ್ನಿಸಬೇಕು, ಹಾಗೆ. ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದವಳಿಗೆ ಅವತ್ತು ತಡೆಯಲಾಗಲಿಲ್ಲ. ಅವನು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಮುಂದಿನ ಸಲ ಸರಿಯಾಗಿ ಬೀಳು" ಎಂದು ನಕ್ಕಿದ್ದ. ಅದು ಇವಳ ಕಿವಿಗೂ ಬಿತ್ತು.

ಈ ಕೋಪ ಎಲ್ಲಿಂದ ಬಂತು ಎಂದು ಹುಡುಕಲು ಯಾವ ಯಂತ್ರವೂ ಬೇಡ. ಅದು ಅಪ್ಪನ ಬಳುವಳಿ. ಅವಳಪ್ಪ ಊರಿನ ಮ್ಯೂಸಿಯಮ್ಮಿನಲ್ಲಿ ಪಳೆಯುಳಿಕೆಗಳನ್ನು ಜೋಡಿಸುವ ಕೆಲಸದಲ್ಲಿದ್ದವನು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಕಲ್ಲಾಗಿಹೋದ ಎಲುಬಿನ ಚೂರುಗಳನ್ನು ಅಂಟಿಸಿ, ಕಾಣೆಯಾದ ಕಡೆ ಪ್ಲಾಸ್ಟರ್ ತುಂಬಿ, ಬಣ್ಣ ಹಚ್ಚಿ, ಎಲ್ಲಿ ಒಡೆದಿತ್ತು ಎಂದು ದೇವರೂ ಹುಡುಕಲಾರದ ಹಾಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಮುರಿಯುವುದೂ ಅವನೇ, ಜೋಡಿಸುವುದೂ ಅವನೇ. ಕುರ್ಚಿ ಎತ್ತಿ ಗೋಡೆಗೆ ಬಡಿಯುತ್ತಿದ್ದ, ಮರುದಿನ ಕುರ್ಚಿಯ ಕಾಲು ಹೊಸದರ ಹಾಗೆ ನಿಂತಿರುತ್ತಿತ್ತು. ಬಾಗಿಲು ಒದ್ದು ಸೀಳುತ್ತಿದ್ದ, ಸಂಜೆಯೊಳಗೆ ಬಾಗಿಲು ಸರಿ. ಬಂದವರು ಎಷ್ಟು ಅಚ್ಚುಕಟ್ಟಾದ ಮನೆ ಎಂದು ಹೊಗಳಿ ಕಾಫಿ ಕುಡಿದು ಹೋಗುತ್ತಿದ್ದರು.

ಹೆಂಡತಿಯನ್ನು ಮಾತ್ರ ಅಷ್ಟು ಚೆನ್ನಾಗಿ ಜೋಡಿಸಲು ಬರುತ್ತಿರಲಿಲ್ಲ. ಅಮ್ಮನ ಒಂದು ಕಿವಿ ಮಂದವಾಯಿತು. ಎಡಗೈಯ ಎರಡು ಬೆರಳು ಮಡಚಿದ ಮೇಲೆ ಬಿಚ್ಚುವುದು ತಡವಾಯಿತು. ಬಾಯಿಯ ಎಡಭಾಗದಲ್ಲಿ ಒಂದು ಹಲ್ಲು ಹೋಯಿತು. ಹೋದದ್ದು ಬೆಳ್ಳಿ ಹಲ್ಲು. ಹುಳುಕಾಗಿದ್ದ ಹಲ್ಲಿಗೆ ದಂತವೈದ್ಯರು ಹೊಳೆಯುವ ಲೋಹ ತುಂಬಿದ್ದರು. ಅಕ್ಕ ಚಿಕ್ಕವಳಿದ್ದಾಗ, "ಅಮ್ಮಾ, ಬಾಯಿ ತೆಗಿ, ಬೆಳ್ಳಿ ತೋರ್ಸು" ಎಂದು ಕಾಡುತ್ತಿದ್ದಳು. ಒಂದು ದಿನ ಬಾಯಿ ತೆಗೆಸಿ ನೋಡಿದರೆ ಬೆಳ್ಳಿ ಇಲ್ಲ, ಕೆಂಪು ಗುಳಿ ಇದೆ. "ಬಿದ್ದೆ ಪುಟ್ಟಿ, ಹಲ್ಲೂ ಬಿದ್ದೋಯ್ತು" ಎಂದಳು ಅಮ್ಮ. ಅಂದಿನಿಂದ ಅವಳು ನಕ್ಕರೆ ಬಾಯಿಗೆ ಕೈ ಅಡ್ಡ.

ಆ ಮನೆಯಲ್ಲಿ ಅಕ್ಕ ಸುಖವಾಗಿ ನೆನೆಸಿಕೊಳ್ಳುವುದು ಒಂದೇ ಒಂದು ಇತ್ತು. ಕೆಲವು ರಜೆಯ ದಿನ ಅಪ್ಪ ಇದ್ದಕ್ಕಿದ್ದಂತೆ ಮೆತ್ತಗಿನ ದನಿಯಲ್ಲಿ, "ಮ್ಯೂಸಿಯಮ್ಮಿಗೆ ಹೋಗೋಣ್ವಾ?" ಎನ್ನುತ್ತಿದ್ದ. ಅಷ್ಟು ಹೊತ್ತು ಗುಡುಗುತ್ತಿದ್ದವನು ತಣ್ಣಗಾದನಲ್ಲ ಎಂದು ಅಕ್ಕ ಕುಣಿದಾಡಿಬಿಡುತ್ತಿದ್ದಳು. "ಹೋಗೋಣ, ಹೋಗೋಣ! ಅಮ್ಮಾ, ಬೇಗ ಬಾ!" ಅಮ್ಮ ಆಡುತ್ತಿದ್ದ ಮಾತನ್ನು ಅಲ್ಲಿಗೇ ನುಂಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅಲ್ಲಿ ದೊಡ್ಡ ಹಜಾರದಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಕಡಲ ಮೊಸಳೆ ಬಾಯಿ ತೆರೆದು ನಿಂತಿತ್ತು. ಕಲ್ಲುಗಣಿಯಲ್ಲಿ ಸಿಡಿಮದ್ದಿಟ್ಟಾಗ ಚೂರುಚೂರಾಗಿ ಹಾರಿದ್ದ ಪ್ರಾಣಿ, ಗೋಣಿಚೀಲದಲ್ಲಿ ತುಂಬಿ ತಂದಿದ್ದರು. ಜೋಡಿಸಿ ನಿಲ್ಲಿಸಿದವನು ಮೇಸ್ತ್ರಿ. ಬರುವ ಮಕ್ಕಳೆಲ್ಲ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು, ಅದೇ ಹೆಸರು ನಿಂತಿತು. ಅಪ್ಪ ಅಮ್ಮನ ಮೊಣಕೈ ಹಿಡಿದು ದೊಡ್ಡಪ್ಪನ ಬಾಯಿಯ ಮುಂದೆ ನಿಲ್ಲಿಸಿಕೊಂಡಿರುತ್ತಿದ್ದ. ಅಕ್ಕ ಬಾಲದ ಸುತ್ತ ಓಡುತ್ತಿದ್ದಳು. ಅಂಥ ದಿನ ಮನೆಗೆ ಬಂದ ಮೇಲೆ ಏಟಿನ ಸದ್ದು ಕೇಳುತ್ತಿರಲಿಲ್ಲ.

ಬೆಳೆದ ಮೇಲೆ ಒಂದು ದಿನ ಅಪ್ಪನ ಕೈಯನ್ನೇ ಕಚ್ಚಿ, ಚರ್ಮ ಬಾಯಲ್ಲಿ ಬರುವ ಹಾಗೆ ಕಚ್ಚಿ, ಅವಳು ಮನೆ ಬಿಟ್ಟಳು. ಹಾಸ್ಟೆಲ್ಲಿನಲ್ಲಿದ್ದು ಎಕ್ಸ್‌ರೇ ಕೆಲಸ ಕಲಿತಳು. ಮದುವೆ ಗಿದುವೆ ಎಂದವರಿಗೆ, "ನಂಗೆ ಸಿಟ್ಟು ಜಾಸ್ತಿ, ಪಾಪ ಯಾರದೋ ಮಗ ಸಾಯ್ತಾನೆ" ಎಂದು ಹೇಳಿ ಬಾಯಿ ಮುಚ್ಚಿಸಿದಳು. ಆಸ್ಪತ್ರೆ ಕೈಬಿಟ್ಟ ಮೇಲೆ ಅವಳನ್ನು ಕರೆದದ್ದು ಅದೇ ಮ್ಯೂಸಿಯಂ. ಮೇಸ್ತ್ರಿ ಆಗಲೇ ನಿವೃತ್ತನಾಗಿದ್ದ. ಮ್ಯೂಸಿಯಮ್ಮಿಗೆ ಎಕ್ಸ್‌ರೇ ಯಂತ್ರ ಬಂದಿತ್ತು, ನಡೆಸುವವರಿರಲಿಲ್ಲ. ಪಳೆಯುಳಿಕೆ ವಿಭಾಗದ ಮೇಡಂ ಮೂಗಿನ ಕಥೆ ಪೂರ್ತಿ ಕೇಳಿಸಿಕೊಂಡು, "ಇಲ್ಲಿರೋರೆಲ್ಲ ಸತ್ತು ಕೋಟಿ ವರ್ಷ ಆಗಿದೆ. ಯಾರಿಗೆ ಹೊಡೀತೀರಿ, ಬನ್ನಿ" ಎಂದರು.

ಕೆಲಸ ಇದ್ದದ್ದೂ ದೊಡ್ಡಪ್ಪನ ಮೇಲೇ. ಹೊಸ ಕಟ್ಟಡಕ್ಕೆ ಅವನನ್ನು ಸಾಗಿಸಬೇಕು. ಎತ್ತುವ ಮುಂಚೆ ಎಲ್ಲಿ ಎಲುಬು, ಎಲ್ಲಿ ಪ್ಲಾಸ್ಟರ್, ಒಳಗೆ ಎಷ್ಟು ತಂತಿ ತುಕ್ಕು ಹಿಡಿದಿದೆ ಎಂದು ತಿಳಿಯಬೇಕು, ಇಲ್ಲದಿದ್ದರೆ ದಾರಿಯಲ್ಲೇ ಉದುರಿಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದರೆ ಚೂರುಗಳನ್ನು ಅಂಟಿಸಿದ್ದ ಹಳೆಯ ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು, ಆಮೇಲಿನ ಅಂಟು ನೀಲಿಗೆ. ಎಕ್ಸ್‌ರೇಯಲ್ಲಿ ಮೊಳೆ, ತಂತಿ, ಗಾಳಿಗುಳ್ಳೆ ಎಲ್ಲ ಬಯಲಿಗೆ ಬರುತ್ತಿತ್ತು. ಇನ್ನೊಂದು ಯಂತ್ರ ಪಿಸ್ತೂಲಿನ ಹಾಗಿತ್ತು, ಎಲ್ಲರೂ ಅದನ್ನು ಗನ್ನು ಎಂದೇ ಕರೆಯುತ್ತಿದ್ದರು. ಮೂತಿಯನ್ನು ವಸ್ತುವಿಗೆ ಒತ್ತಿ ಗುಂಡಿ ಅದುಮಿದರೆ ಅದರಲ್ಲಿ ಯಾವ ಯಾವ ಧಾತು ಎಷ್ಟೆಷ್ಟಿದೆ ಎಂದು ಪರದೆಯ ಮೇಲೆ ಗೀಟುಗಳು ಏಳುತ್ತಿದ್ದವು. ಅಪ್ಪನ ಪ್ಲಾಸ್ಟರ್ ಗುರುತು ಹಿಡಿಯುವುದು ನೀರು ಕುಡಿದಷ್ಟು ಸುಲಭ. ಎಲುಬಿನ ಬಣ್ಣ ಬರಲಿ ಎಂದು ಅವನು ಅದಕ್ಕೆ ಕೆಮ್ಮಣ್ಣು ಕಲೆಸುತ್ತಿದ್ದ, ಜೊತೆಗೆ ಸತುವಿನ ಬಿಳಿ ಪುಡಿ. ಆ ಪಾಕ ಬೇರೆ ಯಾರದ್ದೂ ಅಲ್ಲ.

ದೊಡ್ಡಪ್ಪನ ಮೈ ಮುಟ್ಟಿ ಕೆಲಸ ಮಾಡುವಾಗ ಅಕ್ಕನಿಗೆ ಅಪ್ಪನ ಮೇಲೆ ಒಂಥರಾ ಮೆಚ್ಚುಗೆಯೂ ಹುಟ್ಟುತ್ತಿತ್ತು, ಹಾಗೆ ಹುಟ್ಟಿದ್ದಕ್ಕೆ ಮೈಯೆಲ್ಲ ಉರಿಯುತ್ತಲೂ ಇತ್ತು. ಇಷ್ಟು ಸೂಕ್ಷ್ಮದ ಬೆರಳು ಮುಷ್ಟಿಯಾಗುವುದು ಹೇಗೆ? ಅವಳ ತಲೆಗೆ ಹೋಗಲಿಲ್ಲ, ಅವಳ ಬಾಯಿಂದಲೇ ಇದನ್ನೆಲ್ಲ ಕೇಳಿದ ನನ್ನ ತಲೆಗೂ ಹೋಗಿಲ್ಲ.

ಒಂದು ಭಾನುವಾರ ಅಮ್ಮ ಅವಳ ಬಾಡಿಗೆ ಮನೆಗೆ ಬಂದಳು. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ. ಅಪ್ಪ ನಿದ್ದೆ ಮಾಡುವ ಹೊತ್ತು ನೋಡಿ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದಳು. ಬಲಗೈ ಶಾಲಿನೊಳಗಿತ್ತು. ಅಕ್ಕ ಶಾಲು ಸರಿಸಿದಳು. ಮುಂಗೈಯಿಂದ ಬೆರಳ ಬುಡದವರೆಗೆ ಪ್ಲಾಸ್ಟರ್. ಆಸ್ಪತ್ರೆಯ ಬಿಳಿ ಅಲ್ಲ, ನಸುಗೆಂಪು.

"ಅಮ್ಮಾ, ಇದನ್ನ ಯಾರು ಹಾಕಿದ್ದು?"

"ನಿಮ್ಮಪ್ಪನೇ. ಆಸ್ಪತ್ರೆ ಯಾಕೆ, ನಂಗೆ ಬರಲ್ವಾ ಅಂದ್ರು."

"ಮುರಿದಿದ್ದು ಯಾರು?"

"ಬಿದ್ದೆ ಕಣೇ. ಬಚ್ಚಲಲ್ಲಿ."

ಅಕ್ಕ ಎದ್ದು ಹೋಗಿ ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಮತ್ತೆ ಗುದ್ದಿದಳು. ಗೆಣ್ಣು ಸುಲಿದು ಗೋಡೆಯ ಮೇಲೆ ರಕ್ತ ಅಂಟಿತು. ಅಮ್ಮ ಎರಡೂ ಕಣ್ಣು ಮುಚ್ಚಿ ಕುಗ್ಗಿ ಕುಳಿತಳು, ಏಟು ತನ್ನ ಮೇಲೇ ಬೀಳುತ್ತಿದೆ ಎನ್ನುವ ಹಾಗೆ. ಅದನ್ನು ಕಂಡು ಅಕ್ಕನಿಗೆ ನಾಚಿಕೆಯಾಯಿತು. ಕತ್ತರಿಯಿಂದ ಪ್ಲಾಸ್ಟರ್ ಬಿಡಿಸಿ, ಚೂರೊಂದನ್ನು ಜೇಬಿಗಿಳಿಸಿ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಳು. ಚಿತ್ರ ತೆಗೆದದ್ದು ಬೇರೆ ಯಾರೋ, ಆದರೆ ಏನು ಕಾಣುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಮುಂಗೈಯ ನಡು, ಕಿರುಬೆರಳ ಕಡೆಯ ಎಲುಬು. ಅದೇ ಜಾಗದಲ್ಲಿ ಹಳೆಯ ಮುರಿತಗಳು ಕೂಡಿಕೊಂಡ ಗಂಟುಗಳು.

"ಇನ್ನು ಆ ಮನೆಗೆ ಹೋಗ್ಬೇಡ. ಇಲ್ಲೇ ಇರು."

"ಏನಂತ ಇರ್ಲಿ? ಬಿದ್ದಿದ್ದಕ್ಕೆಲ್ಲ ಮನೆ ಬಿಡ್ತಾರಾ ಯಾರಾದ್ರೂ?"

ಪೊಲೀಸ್ ಠಾಣೆಗೂ ಹೋಗಿಬಂದಳು ಅಕ್ಕ. ಅವರಿಂದಲೂ ಏನೂ ಆಗಲಿಲ್ಲ. "ಹೊಡೆದ್ರು ಅಂತ ಅವರೇ ಹೇಳ್ಬೇಕಮ್ಮ. ನೀವು ಹೇಳಿದ್ರೆ ಏನು ಮಾಡೋದು?" ಅಮ್ಮನ ಬಾಯಿಂದ ಆ ಒಂದು ಮಾತು ಬರಬೇಕು. ಬರದಿದ್ದರೆ ಇನ್ನೊಂದು ಏಟಿಗೆ ಅಡ್ಡ ಹಿಡಿಯಲು ಅವಳಿಗೆ ಸರಿಯಾದ ಕೈಯೂ ಉಳಿದಿಲ್ಲ. ಅಪ್ಪ ಮುದುಕನಾಗಿದ್ದರೂ ಮುಷ್ಟಿ ಮುದಿಯಾಗಿರಲಿಲ್ಲ. ಮುಂದಿನ ಸಲ ತಲೆ ಒಡೆಯುತ್ತದೆ, ಅಕ್ಕನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅಮ್ಮ ಸಂಜೆಯೊಳಗೆ ವಾಪಸು ಹೋದಳು.

ಮರುದಿನ ಕೆಲಸಕ್ಕೆ ಬಂದವಳೇ ಜೇಬಿನ ಚೂರಿಗೆ ಗನ್ನು ಒತ್ತಿದಳು. ಕೆಮ್ಮಣ್ಣಿನ ಕಬ್ಬಿಣ, ಸತು, ಸುಣ್ಣ, ಗಂಧಕ. ದೊಡ್ಡಪ್ಪನ ಪಕ್ಕೆಲುಬಿಗೂ ಅಮ್ಮನ ಕೈಗೂ ಒಂದೇ ಪಾಕ.

ಅವತ್ತು ಮೇಜಿನ ಮೇಲಿದ್ದದ್ದು ದೊಡ್ಡಪ್ಪನ ಕೆಳದವಡೆ. ಅಕ್ಕ ಚಿತ್ರ ತೆಗೆದಳು. ಪರದೆಯ ಮೇಲೆ ಉದ್ದದ ದವಡೆ, ಹಲ್ಲುಗಳ ಸಾಲು, ಅಲ್ಲಲ್ಲಿ ತಂತಿ. ಎಡಗಡೆ ಮುಂದಿನಿಂದ ಮೂರನೆಯದು ಪ್ಲಾಸ್ಟರಿನ ಹಲ್ಲು, ಅದರಲ್ಲಿ ಆಶ್ಚರ್ಯವಿಲ್ಲ, ಎಷ್ಟೋ ಹಲ್ಲು ಹಾಗೇ ಇದ್ದವು. ಇದರೊಳಗೆ ಮಾತ್ರ ಇನ್ನೊಂದು ಹಲ್ಲಿತ್ತು. ಪುಟ್ಟದು, ಬೇರಿನ ಸಮೇತ. ಅದರ ನೆತ್ತಿಯಲ್ಲಿ ಒಂದು ಚುಕ್ಕೆ, ಸುತ್ತಲಿನ ತಂತಿಗಿಂತಲೂ ಬೆಳ್ಳಗೆ.

ಆಸ್ಪತ್ರೆಯಲ್ಲಿ ಸಾವಿರ ಬಾಯಿ ನೋಡಿದವಳು. ಅದು ಮನುಷ್ಯರ ಹಲ್ಲೆಂದು ಹೇಳಲು ಮೇಡಂ ಬರಬೇಕಾಗಿರಲಿಲ್ಲ. ಆದರೂ ಕರೆದಳು. ಪ್ಲಾಸ್ಟರಿನ ಬುಡದಲ್ಲಿ ಒಂದು ಚಕ್ಕೆ ಎದ್ದು ಸಂದು ಬಿಟ್ಟಿತ್ತು, ಅಲ್ಲಿಂದ ಗನ್ನು ಒತ್ತಿದರು. ಮಣ್ಣಲ್ಲಿ ಕೋಟಿ ವರ್ಷ ಇದ್ದ ಹಲ್ಲು ಮಣ್ಣಿನ ಕಬ್ಬಿಣ ಮ್ಯಾಂಗನೀಸನ್ನೆಲ್ಲ ಹೀರಿಕೊಂಡಿರುತ್ತದೆ. ಇದರಲ್ಲಿ ಅವು ಯಾವುದೂ ಇಲ್ಲ. ಬದಲಿಗೆ ಪಾದರಸ, ಬೆಳ್ಳಿ, ತವರ.

"ಹಲ್ಲಿನ ಡಾಕ್ಟ್ರು ತುಂಬೋ ಲೋಹ ಇದು," ಎಂದರು ಮೇಡಂ. "ದೊಡ್ಡಪ್ಪನ ಬಾಯಿಗೆ ಎಲ್ಲಿಂದ ಬಂತು?"

"ನಮ್ಮಮ್ಮನ ಬಾಯಿಂದ," ಎಂದಳು ಅಕ್ಕ.

ಮೇಡಂ ಒಳ್ಳೆಯವರು, ಆದರೆ ನಿಯಮದವರು. ಹಳೆಯ ರಿಪೇರಿಯೂ ಚರಿತ್ರೆಯೇ, ಯಾರೂ ಬಿಚ್ಚಕೂಡದು, ನೋಡಿ ದಾಖಲಿಸಿ ಹಾಗೇ ಬಿಡಬೇಕು ಎನ್ನುವುದು ಆ ವಿಭಾಗದ ಮೊದಲ ಪಾಠ. ಮೇಸ್ತ್ರಿಯನ್ನು ಕರೆಸಿ ಕೇಳೋಣ, ಹೇಗೂ ರಿಪೇರಿಗಳ ಬಗ್ಗೆ ಅವರನ್ನು ಮಾತಾಡಿಸಬೇಕಿತ್ತು ಎಂದರು. ಅಕ್ಕ, "ಅಮ್ಮನೂ ಬರ್ಲಿ" ಎಂದಳು. ಹೊರಗಿನವರ ಎದುರು, ಆ ಚಿತ್ರ ಕಣ್ಣಮುಂದೆ ಇರುವಾಗಲಾದರೂ ಅಮ್ಮ ಬಾಯಿ ಬಿಟ್ಟಾಳು ಎಂಬ ಆಸೆ ಅವಳಿಗೆ.

ಮೇಸ್ತ್ರಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ. ಎಲ್ಲರ ಯೋಗಕ್ಷೇಮ ಕೇಳಿದ. ಮಗಳ ಕಡೆ ನೋಡಿ, "ಕೊನೆಗೂ ಅಪ್ಪನ ಕೆಲಸಕ್ಕೇ ಬಂದ್ಯಲ್ಲ" ಎಂದು ನಕ್ಕ. ಅಮ್ಮ ಅವನ ಹಿಂದೆ, ಕೊರಳಿಗೆ ತೂಗುಹಾಕಿದ ಕೈ, ಕಣ್ಣು ನೆಲದ ಮೇಲೆ. ದವಡೆ ಮೇಜಿನ ಮೇಲೆ ಮೆತ್ತೆಯ ಮೇಲಿತ್ತು. ಮೇಡಂ ಪರದೆ ತೋರಿಸಿದರು.

"ಓ, ಅದಾ?" ಎಂದ ಮೇಸ್ತ್ರಿ. ಒಂದು ಚೂರೂ ಅಳುಕಲಿಲ್ಲ. "ಎಲ್ಲೋ ಬಿದ್ದಿತ್ತು, ತಮಾಷೆಗೆ ಇಟ್ಟೆ. ಕೆಲಸದೋರು ಹಿಂಗೆಲ್ಲ ಮಾಡ್ತಾರೆ ಮೇಡಂ."

"ಯಾರ ಹಲ್ಲು, ಮೇಸ್ತ್ರಿಗಳೇ?"

"ಯಾರದೋ." ಹೆಂಡತಿಯ ಕಡೆ ತಿರುಗಿದ. ದನಿ ಮೆತ್ತಗಾಯಿತು. "ನಿಂಗೇನಾದ್ರೂ ಗೊತ್ತೇನೇ, ಯಾರದು ಅಂತ?"

"ನಂಗೊತ್ತಿಲ್ಲ," ಎಂದಳು ಅಮ್ಮ.

ಅಕ್ಕ ಅಪ್ಪನ ಕುತ್ತಿಗೆಗೆ ಕೈ ಹಾಕಿ ಎಳೆದು, ಎಕ್ಸ್‌ರೇ ಕಿರಣ ತಡೆಯಲು ನಿಲ್ಲಿಸಿದ್ದ ಸೀಸದ ತಡಿಕೆಗೆ ಬಡಿದಳು. ತಡಿಕೆ ಕೋಣೆಯೆಲ್ಲ ಕೇಳುವ ಹಾಗೆ ದಡ್ಡೆಂದಿತು, ಅವನ ಕನ್ನಡಕ ಹಾರಿ ಚೂರಾಯಿತು, ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಮೇಜಿನ ಮೇಲಿದ್ದ ಮರದ ಸುತ್ತಿಗೆ ಅವಳ ಇನ್ನೊಂದು ಕೈಗೆ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. "ಹೇಳು! ಯಾರ ಹಲ್ಲು? ನಿನ್ನ ಒಂದೊಂದು ಹಲ್ಲೂ ಉದುರಿಸ್ತೀನಿ, ಹೇಳು!" ಮೇಡಂ ಕೂಗುತ್ತಿದ್ದರು. ಮೇಸ್ತ್ರಿ ಉಸಿರುಗಟ್ಟಿದ ಬಾಯಲ್ಲೇ ನಕ್ಕ.

"ನೋಡಿ ಮೇಡಂ ನನ್ನ ಮಗಳನ್ನ. ನನ್ನದೇ ಕೈ."

ಆ ಮಾತಿಗೆ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅಮ್ಮ ತಲೆ ಎತ್ತಿ ಮಗಳ ಮುಖ ನೋಡಿದಳು. ಬಹಳ ವರ್ಷ ಗಂಡನಲ್ಲಿ ಕಂಡಿದ್ದ ಮುಖ ಅದು. ಅವಳು ಹತ್ತಿರ ಬಂದು ಎಡಗೈ ಚಾಚಿದಳು.

"ಕೊಡಿಲ್ಲಿ. ನೀನು ಹೊಡೀಬೇಡ. ಕೊಡು ಪುಟ್ಟಿ."

ಅಕ್ಕ ಅಪ್ಪನ ಕುತ್ತಿಗೆ ಬಿಟ್ಟು ಸುತ್ತಿಗೆ ಕೊಟ್ಟಳು. ಅಮ್ಮ ಸುತ್ತಿಗೆ ಹಿಡಿದು ಗಂಡನ ಕಡೆ ಹೋಗಲಿಲ್ಲ, ಮೇಜಿನ ಕಡೆ ಹೋದಳು. ಯಾವ ಹಲ್ಲು ಎಂದು ಪರದೆ ನೋಡಲಿಲ್ಲ, ಹುಡುಕಲೂ ಇಲ್ಲ. ಬೆರಳು ಸರಿಯಾಗಿ ಬಿಚ್ಚದ ಆ ಎಡಗೈಯಲ್ಲೇ ಎತ್ತಿ ಹೊಡೆದಳು. ಮೊದಲ ಏಟು ಜಾರಿತು. ಎರಡನೆಯದಕ್ಕೆ ಪ್ಲಾಸ್ಟರ್ ಸೀಳಿತು. ಮೂರನೆಯದಕ್ಕೆ ನಸುಗೆಂಪು ಪುಡಿ ಎದ್ದು ಪ್ಲಾಸ್ಟರಿನ ಹಲ್ಲು ಒಡೆದು ಮೇಜಿನ ಮೇಲೆ ಚೆಲ್ಲಿತು.

ಮೇಸ್ತ್ರಿ ಕಿರುಚಿದ. ಕುತ್ತಿಗೆ ಹಿಸುಕಿದಾಗ ಕಿರುಚದವನು, ಹುಬ್ಬು ಒಡೆದಾಗ ಕಿರುಚದವನು, ಈಗ ಕಿರುಚಿದ. "ನನ್ನ ದವಡೆ! ನನ್ನ ಕೆಲಸ, ಹಾಳು ಮುಂಡೆ!" ಎನ್ನುತ್ತಾ ನುಗ್ಗಿ, ಮೇಡಂ ಕಣ್ಣೆದುರೇ, ಹೆಂಡತಿಯ ಬಾಯಿಗೆ ಮುಷ್ಟಿ ಬೀಸಿದ. ಅವಳು ಮೇಜಿಗೆ ಬಡಿದು ಕೆಳಗೆ ಬಿದ್ದಳು. ಎರಡನೇ ಸಲ ಎತ್ತಿದ ಕೈ ಇಳಿಯಲಿಲ್ಲ. ಅಕ್ಕ ಅದನ್ನು ಹಿಂದಿನಿಂದ ಹಿಡಿದು ಬೆನ್ನಿಗೆ ತಿರುಚಿದ್ದಳು.

"ಅಲುಗಾಡಬೇಡಿ," ಎಂದಳು. ರೋಗಿಗಳಿಗೆ ಹೇಳುವ ಅದೇ ದನಿ. "ಉಸಿರು ಹಿಡ್ಕೊಳ್ಳಿ."

ಇನ್ನೊಂದು ಬೆರಳಗಲ ತಿರುಚಿದರೆ ಯಾವ ಎಲುಬು ಎಲ್ಲಿ ಮುರಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಚಿತ್ರ ಹೇಗೆ ಬರುತ್ತದೆ ಎಂದೂ ಗೊತ್ತಿತ್ತು. ಮುರಿಯಬೇಕೆಂದು ಅವಳ ಮೈಯ ಪ್ರತಿ ನರವೂ ಹೇಳುತ್ತಿತ್ತು. ಮುರಿಯಲಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅಮ್ಮ ನೋಡ್ತಿದ್ಲು" ಎಂದಳು, ಅಷ್ಟೇ.

ಅಮ್ಮ ನೆಲದ ಮೇಲೆ ಕುಳಿತು ಬಾಯಿಯ ರಕ್ತವನ್ನು ಅಂಗೈಗೆ ಉಗುಳಿದಳು. ಪುಡಿಯಲ್ಲಿ ಕೈಯಾಡಿಸಿ, ಬೆಳ್ಳಿ ಚುಕ್ಕೆಯ ಹಲ್ಲನ್ನು ಹೆಕ್ಕಿ ಮೇಡಂ ಕಡೆ ಹಿಡಿದಳು.

"ಇದು ನನ್ನದು," ಎಂದಳು. "ಬಿದ್ದಿದ್ದಲ್ಲ. ಇವರು ಹೊಡೆದು ಉದುರಿಸಿದ್ದು. ಈಗ ಹೊಡೆದ್ರಲ್ಲ, ಹಿಂಗೇ."

ಒಂದು ಸಲ ಬಾಯಿ ಬಿಟ್ಟವಳು ಆಮೇಲೆ ನಿಲ್ಲಿಸಲಿಲ್ಲ. ಮೇಡಂ ತಂದುಕೊಟ್ಟ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡೇ ಹೇಳಿದಳು. ಮೇಡಂ ಕರೆಸಿದ್ದ ಕಾವಲಿನವರು ಬಾಗಿಲ ಹೊರಗೆ ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿದ್ದರು, ಪೊಲೀಸರು ಇನ್ನೂ ಬರಬೇಕಿತ್ತು. ಅಕ್ಕ ಚಿಕ್ಕವಳಿದ್ದಾಗ ಒಂದು ದಿನ ಅಮ್ಮ, ಮಗೂನ ಕರ್ಕೊಂಡು ಅಣ್ಣನ ಮನೆಗೆ ಹೋಗಿಬಿಡ್ತೀನಿ ಎಂದಿದ್ದಳಂತೆ. ಅದಕ್ಕೆ ಬಿದ್ದ ಏಟು ಅದು. ಹಲ್ಲು ನೆಲದ ಮೇಲೆ ಬಿತ್ತು. ಅವನು ಅದನ್ನು ಹೆಕ್ಕಿ ನಲ್ಲಿಯಡಿ ತೊಳೆದು ಜೇಬಿಗೆ ಹಾಕಿಕೊಂಡ. ಕೆಲವು ದಿನದ ಮೇಲೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಬಂದು ದೊಡ್ಡಪ್ಪನ ಬಾಯಿಯ ಮುಂದೆ ನಿಲ್ಲಿಸಿ, ಮೊಣಕೈ ಅದುಮಿ ಹೇಳಿದ. ಎಡಗಡೆ ಮೂರನೇದು ನೋಡು, ನಿಂದು. ಇನ್ನೊಂದ್ಸಲ ಹೋಗ್ತೀನಿ ಅಂದ್ರೆ ಉಳಿದಿದ್ದೂ ಇಲ್ಲೇ ಸೇರ್ತವೆ. ಇಲ್ಲಿ ತುಂಬಾ ಜಾಗ ಇದೆ.

"ಆಮೇಲೆ ಎಷ್ಟೋ ಸಲ ಹೊಡೆಯೋದೇ ಬೇಕಾಗ್ತಿರ್ಲಿಲ್ಲ," ಎಂದಳು ಅಮ್ಮ. "ನಾನು ಎದುರು ಮಾತಾಡಿದ ಕೂಡ್ಲೆ, ಮ್ಯೂಸಿಯಮ್ಮಿಗೆ ಹೋಗೋಣ್ವಾ ಅಂತಿದ್ರು."

ಹೋಗೋಣ ಹೋಗೋಣ ಎಂದು ಕುಣಿಯುತ್ತಿದ್ದವಳು ಅಕ್ಕ. ಅಮ್ಮನ ಕೈ ಹಿಡಿದು ಬಾಗಿಲಿಗೆ ಎಳೆಯುತ್ತಿದ್ದವಳು, ಬೇಗ ಬಾ ಎಂದು ಕೂಗುತ್ತಿದ್ದವಳು ಅವಳು. ಕೋಣೆಯ ಮೂಲೆಗೆ ಹೋಗಿ ಗೋಡೆಗೆ ಹಣೆ ಆನಿಸಿ ನಿಂತು, ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಗೋಡೆಯನ್ನು ಗುದ್ದಲಿಲ್ಲ.

"ಅಳ್ಬೇಡ ಕಣೇ," ಎಂದಳು ಅಮ್ಮ ಕುಳಿತಲ್ಲಿಂದಲೇ. "ನಿಂಗೇನು ಗೊತ್ತಿತ್ತು. ನೀನಾದ್ರೂ ಖುಷಿಯಾಗಿದ್ಯಲ್ಲ."

ಆ ಸಂಜೆ ಅವಳು ಸೈಕಲ್ ಅಂಗಡಿಯ ಮೇಲಿನ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ, ಕೇಸುಗಳು ನಡೆಯುವ ವೇಗದಲ್ಲಿ. ಮೇಸ್ತ್ರಿ ತನ್ನ ಅಚ್ಚುಕಟ್ಟಾದ ಮನೆಯಲ್ಲಿ ಒಬ್ಬನೇ ಇದ್ದಾನೆ, ಮುರಿಯಲು ಕುರ್ಚಿಗಳಿವೆ. ಅಕ್ಕನಿಗೆ ಮ್ಯೂಸಿಯಮ್ಮಿನಿಂದ ಕಡಕ್ಕಾದ ಎಚ್ಚರಿಕೆ ಬಂತು, ಅದು ನ್ಯಾಯವೇ ಎಂದು ಅವಳೂ ಒಪ್ಪಿಕೊಂಡಳು. ಒಡೆದ ಹಲ್ಲಿನ ಜಾಗ ತುಂಬಿಸಬೇಕೇ ಎಂದು ಮೇಲಿನವರು ಕೇಳಿದಾಗ ನಿಯಮದ ಮೇಡಂ, ಒಡೆದದ್ದೂ ಈಗ ಚರಿತ್ರೆಯೇ, ಹಾಗೇ ಇರಲಿ ಎಂದರು. ದೊಡ್ಡಪ್ಪ ಹೊಸ ಹಜಾರಕ್ಕೆ ಎಡಗಡೆ ಒಂದು ಕಿಂಡಿಯೊಂದಿಗೇ ಹೋದ.

ಅಮ್ಮ ಮೊದಮೊದಲು ಬಾಗಿಲ ಸದ್ದಿಗೆಲ್ಲ ಬೆಚ್ಚುತ್ತಿದ್ದಳು. ಕೆಳಗೆ ಅಂಗಡಿಯವನು ಚಕ್ರಕ್ಕೆ ಸುತ್ತಿಗೆ ಬಡಿದರೆ ಕೈಲಿದ್ದ ಪಾತ್ರೆ ಬೀಳುತ್ತಿತ್ತು. ಅಕ್ಕ ಅಂಗಡಿಯವನ ಜೊತೆ ಜಗಳಕ್ಕೆ ಇಳಿದರೆ, "ಪಾಪ ಅವನ ಹೊಟ್ಟೆಪಾಡು, ನೀನು ಸುಮ್ನಿರು ಮಾರಾಯ್ತಿ" ಎಂದು ಬೈಯುತ್ತಿದ್ದಳು. ಬೈಯುವುದು ಚೆನ್ನಾಗಿ ಅಭ್ಯಾಸವಾಯಿತು. ಕೈಯ ಎಲುಬು ಕೂಡಿಕೊಂಡಿತು.

ಒಂದು ರಜೆಯ ದಿನ ಬೆಳಿಗ್ಗೆ ಅಕ್ಕ ಬಟ್ಟೆ ಮಡಚುತ್ತಿದ್ದಾಗ ಹಿಂದಿನಿಂದ ಅಮ್ಮನ ದನಿ ಕೇಳಿತು.

"ಮ್ಯೂಸಿಯಮ್ಮಿಗೆ ಹೋಗೋಣ್ವಾ?"

ಅಕ್ಕ ತಿರುಗಿ ನೋಡಿದರೆ ಅಮ್ಮ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಹೊಸ ಹಜಾರದಲ್ಲಿ ಬೆಳಕು ಚೆನ್ನಾಗಿತ್ತು. ಅಮ್ಮ ಮೊದಲು ಬಾಯಿಯ ಹತ್ತಿರವೇ ಹೋಗಿ ನಿಂತಳು, ಅಭ್ಯಾಸದ ಜಾಗ. ಕಿಂಡಿಯನ್ನು ನೋಡಿದಳು. ತನ್ನ ಕಿಂಡಿಯನ್ನು ನಾಲಿಗೆಯಿಂದ ಮುಟ್ಟಿಕೊಂಡಳು. ಆಮೇಲೆ ಅಲ್ಲಿಂದ ಕಣ್ಣು ಕಿತ್ತು ಹಿಂದಕ್ಕೆ ನಡೆಯತೊಡಗಿದಳು. ಕತ್ತು, ಪಕ್ಕೆಲುಬುಗಳು, ಮುಂಗಾಲು, ಬೆನ್ನು. ನಡೆದಷ್ಟೂ ಮುಗಿಯಲಿಲ್ಲ. ಹಜಾರದ ಕೊನೆಯ ಕಿಟಕಿಯ ಹತ್ತಿರ ನಿಂತುಕೊಂಡು ಮಗಳನ್ನು ಕೂಗಿ ಕರೆದಳು.

"ಏನೇ ಇದು! ಇಷ್ಟುದ್ದ ಬಾಲ ಇತ್ತಾ ಇದಕ್ಕೆ?"

"ಎಷ್ಟು ಸಲ ಬಂದಿದ್ದೀಯಲ್ಲಮ್ಮ."

"ಬಂದಿದ್ದೆ. ಆ ಹಲ್ಲು ಬಿಟ್ಟು ಬೇರೇನು ನೋಡಿದ್ದೆ ನಾನು? ನೀನು ಎಲ್ಲಿ ಓಡಾಡ್ತಿದ್ದೆ, ತೋರ್ಸು."

ಅಕ್ಕ ಬ್ಯಾಗನ್ನು ಅಮ್ಮನ ಕೈಗೆ ಕೊಟ್ಟಳು. ತಲೆಗೂದಲು ನರೆಯತೊಡಗಿದ ಹೆಂಗಸು, ಮಂಡಿನೋವು ಬೇರೆ, ದೊಡ್ಡಪ್ಪನ ಬಾಲದ ಸುತ್ತ ಒಂದು ಸುತ್ತು ಓಡಿ ತೋರಿಸಿದಳು. ಅಮ್ಮ ನಿಂತು ನೋಡಿದಳು.